ಹಂದಿ ತೋಡಿದ ಗುಳಿ ಅಂದುಕೊಂಡಿದ್ದೆ

ನಾನು ಕೊಡಗಿನ ಅಮ್ಮತ್ತಿ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯೋದು, ವಾರದ ಬಟವಾಡೆ, ಗೊಬ್ಬರ ಡೀಸೆಲ್ ಲೆಕ್ಕ, ಆನೆ ಬಂದರೆ ನಾಲ್ಕು ಕಡೆ ಫೋನ್ ಮಾಡೋದು, ಇಷ್ಟೇ ನನ್ನ ಕೆಲಸ. ಮೀನು ಈ ಪಟ್ಟಿಯಲ್ಲಿ ಇರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ, ಸಾವುಕಾರ್ರು "ಕೆರೆಯಲ್ಲಿ ನೀರು ಸುಮ್ನೆ ನಿಂತಿದೆಯಲ್ಲಾ ರೈಟರೇ, ಒಂದಿಷ್ಟು ಮೀನು ಬಿಡಿಸಿ" ಅಂದರು. ಅಲ್ಲಿಂದ ಶುರುವಾಯಿತು.

ಮೊದಲು ಕೆರೆ ಹೇಗಿದೆ ಹೇಳುತ್ತೇನೆ. ಮುಕ್ಕಾಲು ಎಕರೆ ಇರಬಹುದು. ಏರಿ ಕಡೆ ಹದಿನಾಲ್ಕು ಅಡಿ ಆಳ, ಎದುರು ದಡದಲ್ಲಿ ಮೊಣಕಾಲು ಮುಳುಗುವಷ್ಟೇ ನೀರು. ಆ ದಡದ ತುಂಬ ಜೊಂಡು, ನೈದಿಲೆ, ನೀರಿನೊಳಗೆ ನರಿಬಾಲದ ಹಾಗೆ ಬೆಳೆಯುವ ಕಳೆ. ಕೆರೆ ತೋಡಿಸಿದ್ದು ಮೀನಿಗಲ್ಲ, ಕಾಫಿ ಹೂವಿಗೆ. ರೊಬಸ್ಟಾ ತೋಟದಲ್ಲಿ ಫೆಬ್ರವರಿ ಬಂತೆಂದರೆ ಸ್ಪ್ರಿಂಕ್ಲರ್ ಹಾಕಿ ಹೂವಿಗೆ ನೀರು ಕೊಡಬೇಕು, ಆಮೇಲೆ ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ಅಂತ ಇನ್ನೊಂದು ಸಲ ಕೊಡಬೇಕು, ಇದರ ಮಧ್ಯೆ ಮಳೆ ಬಂದರೆ ನಮ್ಮ ಪುಣ್ಯ. ಹಾಗಾಗಿ ಮಾರ್ಚ್ ಕೊನೆಗೆ ಕೆರೆಯಲ್ಲಿ ನೀರು ಕಾಲುಭಾಗವೂ ಉಳಿಯುವುದಿಲ್ಲ.

ಎರಡು ಸಾವಿರ ಮರಿ ತಂದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಕಳೆ ತಿನ್ನಲಿ ಅಂತ ಸ್ವಲ್ಪ ಹುಲ್ಲುಗೆಂಡೆ. ಸರ್ಕಾರಿ ಮರಿಕೇಂದ್ರದಲ್ಲಿ ಆ ವಾರ ಸರದಿ ಜಾಸ್ತಿ ಇತ್ತು, ಕಾಯುವ ತಾಳ್ಮೆ ನನಗಿರಲಿಲ್ಲ. ಜೀಪಿನಲ್ಲಿ ಮರಿ ಮಾರಿಕೊಂಡು ಬರುವವರೊಬ್ಬರ ಹತ್ತಿರ ತಗೊಂಡೆ. ಆಕ್ಸಿಜನ್ ತುಂಬಿದ ಚೀಲಗಳನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಲು ಬಿಟ್ಟು ಆಮೇಲೆ ಬಾಯಿ ಬಿಚ್ಚಬೇಕು ಅಂತ ಗೊತ್ತಿತ್ತು, ಅದನ್ನು ಸರಿಯಾಗಿಯೇ ಮಾಡಿದೆ. ಕೊನೆಯ ಚೀಲದಲ್ಲಿ ಹತ್ತಿಪ್ಪತ್ತು ಮರಿ ಬೇರೆ ಥರ ಇದ್ದವು. ಅಗಲ ಮೈ, ಮೈಮೇಲೆ ಅಡ್ಡಪಟ್ಟೆ, ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಾಡಿಗೆ ಬೊಟ್ಟಿನಂಥ ಒಂದು ಕಪ್ಪು ಚುಕ್ಕೆ. ಚೆನ್ನಾಗಿದೆಯಲ್ಲ ಅನ್ನಿಸಿತು, ಬಿಟ್ಟೆ. ಆ ಚುಕ್ಕೆ ಜಿಲೇಬಿ ಮರಿಯ ಗುರುತು. ತಿಲಾಪಿಯಾ ಅಂತಾರಲ್ಲ, ಅದೇ. ಮಾರಿದವರ ತಪ್ಪು ಎಷ್ಟಿದೆಯೋ ಗೊತ್ತಿಲ್ಲ, ಚೀಲ ಬಿಚ್ಚಿದ್ದು ಮಾತ್ರ ನಾನು.

ಮುಂದಿನ ಫೆಬ್ರವರಿ. ಪಂಪ್ ಶುರುಮಾಡಿ ನಾಲ್ಕು ದಿನಕ್ಕೆ ನೀರು ಇಳಿಯಿತು. ಕಳೆ ಇದ್ದ ದಡದ ಕೆಸರಿನಲ್ಲಿ ಸಾಲಾಗಿ ಗುಳಿಗಳು ಕಂಡವು. ಒಂದೊಂದೂ ಊಟದ ತಟ್ಟೆಯಷ್ಟು ಅಗಲ, ಸುತ್ತ ಕೆಸರಿನ ಅಂಚು. ನಮ್ಮಲ್ಲಿ ಏನೇ ಹಾಳಾದರೂ ಮೊದಲು ನೆನಪಾಗೋದು ಹಂದಿ ಅಥವಾ ಆನೆ. ಹಂದಿ ಕಾಟ ಅಂತ ಬರೆದು ಆ ದಡಕ್ಕೆ ಎರಡು ಸಾಲು ಮುಳ್ಳುತಂತಿ ಹಾಕಿಸಿಬಿಟ್ಟೆ, ಮೂರು ಆಳಿನ ಎರಡು ದಿನದ ಕೂಲಿ. ಮೇಸ್ತ್ರಿ ತಂತಿ ಎಳೆಯುತ್ತಾ "ಅಲ್ಲ ರೈಟರೇ, ಹಂದಿ ಇಷ್ಟು ದುಂಡಗೆ ತೋಡುತ್ತಾ? ಕಾಲಿನ ಗುರುತೂ ಇಲ್ಲ" ಅಂದ. ನಾನು ಕೇಳಿಸಿಕೊಂಡೆ, ಅಷ್ಟೇ. ತಲೆಗೆ ಹೋಗಲಿಲ್ಲ.

ಅದೇ ವರ್ಷ ಸ್ಪ್ರಿಂಕ್ಲರ್ ನಾಝಲ್ ಪದೇ ಪದೇ ಕಟ್ಟಿಕೊಳ್ಳೋಕೆ ಶುರುವಾಯಿತು. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಜಾಲರಿಯಲ್ಲಿ ಒಂದು ಕಡೆ ತೂತು ಬಿದ್ದಿತ್ತು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನಾಝಲ್ ಬಿಚ್ಚಿದರೆ ಒಳಗೆ ಕೆಸರು, ಕಳೆಯ ಚೂರು, ಜೊತೆಗೆ ಅಕ್ಕಿಕಾಳಿನಷ್ಟು ಮೀನುಮರಿ. ಮರಿ! ನನಗೆ ಖುಷಿ. ಮೀನು ಚೆನ್ನಾಗಿ ಮರಿ ಹಾಕಿದೆ ಅಂದುಕೊಂಡೆ. ಕಾಟ್ಲಾ ರೋಹು ಹರಿಯುವ ಹೊಳೆಯ ಮೀನು, ನಿಂತ ಕೆರೆಯಲ್ಲಿ ಮರಿ ಮಾಡೋದೇ ಇಲ್ಲ ಅನ್ನೋದನ್ನು ಆಗ ಯಾರಾದರೂ ಹೇಳಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು. ನಾನು ಮಾಡಿದ್ದೇನು? ತೌಡು, ಕಡಲೆಕಾಯಿ ಹಿಂಡಿ ಎರಡು ಪಟ್ಟು ಹಾಕಿಸಿದೆ.

ಆ ವರ್ಷದ ಪುತ್ತರಿ ಹಬ್ಬಕ್ಕೆ ಸಾವುಕಾರ್ರ ಅಳಿಯ ಅಮೆರಿಕದಿಂದ ಬಂದಿದ್ದರು. ಗಾಳ ಹಾಕುವ ಹುಚ್ಚು ಅವರಿಗೆ. ಅರ್ಧ ಗಂಟೆಯಲ್ಲಿ ಹದಿನೈದು ಮೀನು ಹಿಡಿದರು, ಎಲ್ಲ ಅಂಗೈಯಷ್ಟೇ. "ಇದು ನಮ್ಮ ಕಡೆ ಕೆರೆಯಲ್ಲಿ ಸಿಗೋ ಬ್ಲೂಗಿಲ್ ಥರಾನೇ ಇದೆಯಲ್ಲಾ" ಅಂದರು. ಬ್ಲೂಗಿಲ್ ಅಂದರೆ ಸನ್‌ಫಿಶ್ ಜಾತಿ, ಮೂಲದಲ್ಲಿ ಉತ್ತರ ಅಮೆರಿಕ ಬಿಟ್ಟರೆ ಬೇರೆಲ್ಲೂ ಇಲ್ಲದ ಕುಟುಂಬ. ಅದೂ ಹೀಗೇ ಅಗಲ ಮೈ, ಮುಳ್ಳು ರೆಕ್ಕೆ, ಕಳೆ ತುಂಬಿದ ತೆಳುನೀರು ಅಂದರೆ ಪ್ರಾಣ. ಗಂಡು ಬಾಲ ಬೀಸಿ ದುಂಡಗೆ ಗುಳಿ ಮಾಡುತ್ತೆ, ಹತ್ತಾರು ಗುಳಿ ಪಕ್ಕಪಕ್ಕ. ಗುಳಿ ಅಂದ ಕೂಡಲೇ ನನಗೆ ಮುಳ್ಳುತಂತಿ ನೆನಪಾಯಿತು. ಮೇಸ್ತ್ರಿ ಕಡೆ ನೋಡಲೇ ಇಲ್ಲ.

ಆದರೆ ಇದು ಬ್ಲೂಗಿಲ್ ಅಲ್ಲ. ಅಳಿಯಂದಿರೇ ಫೋನ್ ತೆಗೆದು ಓದಿ, ಮೀನಿನ ಮೂತಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. ಸನ್‌ಫಿಶ್‌ಗೆ ಮೂತಿಯ ಒಂದೊಂದು ಪಕ್ಕಕ್ಕೂ ಎರಡು ಮೂಗಿನ ತೂತು. ಸಿಕ್ಲಿಡ್ ಅನ್ನೋ ಕುಟುಂಬಕ್ಕೆ, ಅಂದರೆ ಜಿಲೇಬಿ, ಕೇರಳದವರ ಕರಿಮೀನು, ಗಾಜಿನ ತೊಟ್ಟಿಯಲ್ಲಿ ಸಾಕುವ ಏಂಜಲ್ ಮೀನು ಇವಕ್ಕೆಲ್ಲ, ಪಕ್ಕಕ್ಕೆ ಒಂದೊಂದೇ. ಸೂಜಿಮೊನೆಯಷ್ಟು ತೂತು. ಎಣಿಸಿದೆವು. ಒಂದೇ ಇತ್ತು. ಇನ್ನೊಂದು ಗುರುತು, ಮೈಯ ಪಕ್ಕದಲ್ಲಿ ಓಡುವ ಚುಕ್ಕೆಗೆರೆ ಸಿಕ್ಲಿಡ್‌ಗೆ ಮಧ್ಯದಲ್ಲಿ ತುಂಡಾಗಿ, ಕೆಳಗಡೆ ಮತ್ತೆ ಶುರುವಾಗುತ್ತೆ.

ಸರಿ, ಜಾತಿ ಗೊತ್ತಾಯಿತು. ಆದರೂ ನಾನು ಹೇಳಿದ್ದು "ಇನ್ನೂ ಮರಿ, ಆರು ತಿಂಗಳು ಬಿಟ್ಟರೆ ಕೆಜಿ ತೂಗುತ್ತೆ" ಅಂತ. ಆ ಹದಿನೈದು ಮೀನನ್ನು ತೋಟದ ಆಳುಗಳಿರುವ ಲೈನ್‌ಮನೆಗೆ ಕೊಟ್ಟು ಕಳಿಸಿದೆ. ಸಂಜೆ ಅಲ್ಲಿಯ ಅಕ್ಕ ಒಬ್ಬರು ಮೊರದಲ್ಲಿ ಮೀನು ಇಟ್ಟುಕೊಂಡು ಆಫೀಸ್ ಬಾಗಿಲಿಗೇ ಬಂದರು. ಹೊಟ್ಟೆ ಕೊಯ್ದಿದ್ದ ಮೀನಿನಲ್ಲಿ ಮೊಟ್ಟೆ ತುಂಬಿತ್ತು. ಇನ್ನೊಂದರ ಬಾಯಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಅಗಲಿಸಿದರು. ಸಾಸಿವೆಗಿಂತ ತುಸು ದಪ್ಪದ ಹಳದಿ ಕಾಳುಗಳು ಹೊರಗೆ ಉದುರಿದವು.

"ರೈಟರೇ, ಇದು ಮರಿ ಅಲ್ಲ. ಅಜ್ಜಿ."

ಅಷ್ಟು ಹೇಳಿ ನಕ್ಕು ಹೋದರು. ಒಂದು ವರ್ಷ ನಾನು ಅಜ್ಜಿಯರಿಗೆ ಹಿಂಡಿ ಹಾಕಿದ್ದೆ.

ಆಗಿದ್ದು ಇಷ್ಟು. ನಮ್ಮ ಕೆರೆಗಳಲ್ಲಿರುವ ಈ ಜಿಲೇಬಿಯ ಮೂಲ ಆಫ್ರಿಕಾ, ಮೊಜಾಂಬಿಕ್ ತಿಲಾಪಿಯಾ ಅಂತ ಹೆಸರು. ಭಾರತಕ್ಕೆ ತಂದಿದ್ದು 1952ರಲ್ಲಿ, ಬಡವರಿಗೆ ಸುಲಭವಾಗಿ ಸಿಗುವ ಮೀನು ಆಗಲಿ ಅಂತ. ಏಳೇ ವರ್ಷಕ್ಕೆ, 1959ರಲ್ಲಿ, ಇದನ್ನು ಇನ್ನು ಹರಡಬೇಡಿ ಅಂತ ನಿಷೇಧ ಹಾಕಿದರು, ಅಷ್ಟರಲ್ಲಿ ಮೀನು ಊರೂರು ಸೇರಿತ್ತು. ಗಂಡು ಗುಳಿ ತೋಡುತ್ತೆ. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ತಕ್ಷಣ ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ಹೋಗಿಬಿಡುತ್ತೆ. ಎರಡು ಮೂರು ವಾರ ಬಾಯಲ್ಲೇ ಮೊಟ್ಟೆ, ಬಾಯಲ್ಲೇ ಮರಿ, ಆ ದಿನಗಳಲ್ಲಿ ಹೆಚ್ಚುಕಡಿಮೆ ಉಪವಾಸ. ಬ್ಲೂಗಿಲ್‌ನಲ್ಲಿ ಇದು ಉಲ್ಟಾ, ಮೊಟ್ಟೆ ಗುಳಿಯಲ್ಲೇ ಇರುತ್ತೆ, ಅಪ್ಪ ಕಾವಲು. ಜಿಲೇಬಿ ಮೊಟ್ಟೆ ಸಂಖ್ಯೆಯಲ್ಲಿ ಗೆಂಡೆಯ ಮುಂದೆ ಏನೇನೂ ಅಲ್ಲ, ಆದರೆ ಅಮ್ಮನ ಬಾಯಲ್ಲಿ ಇರೋದರಿಂದ ನಷ್ಟ ಕಡಿಮೆ. ಬೆಚ್ಚಗಿನ ನೀರಿದ್ದರೆ ಒಂದೂವರೆ ತಿಂಗಳೊಳಗೆ ಇನ್ನೊಂದು ಸಲ.

ಕೆರೆಯಲ್ಲಿ ಜನ ಜಾಸ್ತಿಯಾದರೆ ಏನಾಗುತ್ತೆ? ಮೀನು ಬೆಳೆಯೋದು ನಿಲ್ಲುತ್ತೆ, ಮರಿ ಮಾಡೋದು ನಿಲ್ಲಲ್ಲ. ಎರಡು ಮೂರು ತಿಂಗಳಿಗೇ, ನಾಲ್ಕು ಇಂಚಿನೊಳಗೇ, ಮೊಟ್ಟೆಗೆ ಬರುತ್ತೆ. ನಾನು ಹಾಕಿದ ಹಿಂಡಿಯೆಲ್ಲ ತೂಕ ಆಗಲಿಲ್ಲ, ಮರಿ ಆಯಿತು. ಅದಕ್ಕೇ ಈಗ ತಿಲಾಪಿಯಾ ಸಾಕುವವರು ಬರೀ ಗಂಡುಮರಿ ಕೇಳಿ ತರುತ್ತಾರೆ.

ಇನ್ನು ಕಳೆ. ಅಳಿಯಂದಿರು ಹೇಳಿದ್ದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಇದು. ಅಲ್ಲಿ ಬ್ಲೂಗಿಲ್ ಕುಳ್ಳಾಗಿ ಉಳಿದ ಕೆರೆಗಳಲ್ಲಿ ಮೊದಲು ನೋಡೋದು ಕಳೆ ಎಷ್ಟಿದೆ ಅಂತ. ಬಾಸ್ ಅಂತ ಒಂದು ದೊಡ್ಡ ಬಾಯಿಯ ಮೀನು ಮರಿಗಳನ್ನು ತಿಂದು ಲೆಕ್ಕ ಸರಿ ಇಡಬೇಕು, ಆದರೆ ಕಳೆ ದಟ್ಟವಾದರೆ ಮರಿ ಅದರೊಳಗೆ ನುಗ್ಗಿ ಬಚಾವ್. ನಮ್ಮಲ್ಲಿ ಬಾಸ್ ಕೆಲಸ ಮಾಡೋದು ಕೊರವ ಮೀನು. ಕೆರೆಯಲ್ಲಿ ಕೊರವ ಇತ್ತು, ದಪ್ಪ ದಪ್ಪದ್ದೇ ಇತ್ತು, ಆದರೆ ಆ ನರಿಬಾಲದ ಕಾಡಿನೊಳಗೆ ಅದಾದರೂ ಎಷ್ಟು ಅಂತ ಹುಡುಕುತ್ತೆ? ಹುಲ್ಲುಗೆಂಡೆ ಕಳೆ ತಿಂದು ಮುಗಿಸುತ್ತೆ ಅಂತ ನಂಬಿದ್ದೆ, ನಾನು ಬಿಟ್ಟ ನೂರರಲ್ಲಿ ಆಮೇಲೆ ಸಿಕ್ಕಿದ್ದು ಹನ್ನೊಂದು.

2018ರ ಏಪ್ರಿಲ್‌ನಲ್ಲಿ ಬ್ಯಾಕಿಂಗ್ ಮುಗಿಸಿ, ಉಳಿದ ನೀರನ್ನೂ ಪಂಪ್ ಹಾಕಿ ಗದ್ದೆಗೆ ಬಿಟ್ಟೆವು, ಪೈಪ್ ಬಾಯಿಗೆ ಸೊಳ್ಳೆಪರದೆ ಎರಡು ಸುತ್ತು ಕಟ್ಟಿ. ಎಳೆಬಲೆ ಎಳೆದರೆ ಬುಟ್ಟಿ ಬುಟ್ಟಿ ಅಂಗೈ ಮೀನು. ಬಲೆ ಬಿಗಿಯಾದ ಕೂಡಲೇ ಹೆಣ್ಣುಗಳು ಬಾಯಲ್ಲಿದ್ದದ್ದನ್ನು ಉಗುಳಿಬಿಡುತ್ತವೆ, ಕೆಸರಿನ ಮೇಲೆಲ್ಲ ಹಳದಿ ಕಾಳು. ಗುಂಡಿಯಲ್ಲಿ ನಿಂತ ನೀರಿಗೆ ಬ್ಲೀಚಿಂಗ್ ಪುಡಿ, ಆಮೇಲೆ ಕೆಸರು ಬಿರುಕು ಬಿಡುವ ತನಕ ಒಣಗಿಸಿ ಸುಣ್ಣ. ಹೊಳೆಗೆ ಒಂದೂ ಹೋಗಬಾರದು ಅಂತ ಸಾವುಕಾರ್ರದು ಒಂದೇ ಹಟ. ಕಾವೇರಿಯಲ್ಲಿ ಜಿಲೇಬಿ ಮೊದಲೇ ಇದೆ, ನಮ್ಮದೊಂದು ಬುಟ್ಟಿ ಸೇರಿದರೆ ಏನು ಅಂತ ನಾನು ಕೇಳಿದ್ದೆ. "ಇದೆ ಅಂತ ನಾವೂ ಹಾಕೋದಾ?" ಅಂದರು.

ಆಮೇಲೆ ಓದುತ್ತಾ ಗೊತ್ತಾಯಿತು, ಸಿಕ್ಲಿಡ್ ಅಂದರೆಲ್ಲ ಹೊರಗಿನದಲ್ಲ. ಭಾರತದ್ದೇ ಮೂರಿವೆ. ಕರಿಮೀನು ಅದರಲ್ಲೊಂದು, ಕೇರಳ 2010ರಲ್ಲಿ ಅದನ್ನು ರಾಜ್ಯದ ಮೀನು ಮಾಡಿಕೊಂಡಿತು. ಇನ್ನೊಂದು ನಮ್ಮ ಘಟ್ಟದ ಕೆಳಗಿನದು, ಕೆನರಾ ಪರ್ಲ್‌ಸ್ಪಾಟ್, ಫ್ರಾನ್ಸಿಸ್ ಡೇ 1877ರಲ್ಲಿ ಅದಕ್ಕೆ ಹೆಸರಿಟ್ಟದ್ದು. ಪುಷ್ಪಗಿರಿ ಕಡೆಯಿಂದ ಇಳಿಯುವ ಕುಮಾರಧಾರೆ, ಅದು ಸೇರುವ ನೇತ್ರಾವತಿ, ಆ ನೀರಿನ ಮೀನು ಅದು. ಈ ಸುತ್ತಿನ ಕೆಲವು ಹೊಳೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಹುಟ್ಟುವುದಿಲ್ಲ, ಈಗ ಅಳಿವಿನ ಪಟ್ಟಿಯಲ್ಲಿದೆ. ಸಾವುಕಾರ್ರ ಹಟ ಆಗ ಅರ್ಥ ಆಯಿತು.

ಹಾಗೆ ನೋಡಿದರೆ ದೊಡ್ಡವರೂ ಎಡವಿದ್ದಾರೆ. ಜಪಾನಿನ ಯುವರಾಜ ಅಕಿಹಿಟೊ 1960ರಲ್ಲಿ ಅಮೆರಿಕಕ್ಕೆ ಹೋದಾಗ ಶಿಕಾಗೋ ಮೇಯರ್ ಬ್ಲೂಗಿಲ್ ಉಡುಗೊರೆ ಕೊಟ್ಟರು. ತಿನ್ನೋಕೆ ಒಳ್ಳೆ ಮೀನು ಅಂತ ಅವರು ಊರಿಗೆ ತಂದರು, ಅದು ಅಲ್ಲಿಯ ಕೆರೆ ಸರೋವರಗಳಿಗೆಲ್ಲ ಹಬ್ಬಿತು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಅದರಿಂದ ತನಗೆ ನೋವಾಗುತ್ತಿದೆ ಅಂತ ಸಭೆಯಲ್ಲೇ ಹೇಳಿದರು. ನಾನು ಸಾವುಕಾರ್ರ ಮುಂದೆ ಚೆಕ್‌ರೋಲ್ ಇಟ್ಟು ಮುಳ್ಳುತಂತಿಯ ಲೆಕ್ಕ ಹೇಳಿದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಅದೇ 2018ರ ಆಗಸ್ಟ್ ಮಳೆ ಕೊಡಗಿನವರಿಗೆ ಯಾರಿಗೂ ಹೇಳಬೇಕಾಗಿಲ್ಲ. ನಮ್ಮ ಕಡೆ ಗುಡ್ಡ ಜಾರಲಿಲ್ಲ, ಆದರೆ ಮೇಲಿನ ತೋಟದ ಕೆರೆ ತುಂಬಿ ನಮ್ಮ ಕೆರೆಗೆ ಹರಿಯಿತು. ಕೋಡಿಗೆ ಹಾಕಿದ್ದ ಜಾಲರಿಗೆ ಎಲೆ ಕಟ್ಟಿ ಏರಿ ಒಡೆಯುವ ಹಾಗಾದಾಗ ನಾನೇ ಮಚ್ಚಿನಲ್ಲಿ ಕಡಿದು ತೆಗೆದೆ. ಮಳೆ ನಿಂತ ಮೇಲೆ ನೋಡಿದರೆ ದಡದಲ್ಲಿ ಕಪ್ಪು ಚುಕ್ಕೆಯ ಮರಿಗಳು.

ಈಗ ಪೂರ್ತಿ ತೆಗೆಯೋ ಆಸೆ ಬಿಟ್ಟಿದ್ದೇವೆ. ವರ್ಷಕ್ಕೆ ಎರಡು ಸಲ ಆಳು ಇಳಿಸಿ ಕಳೆ ಎಳೆಸುತ್ತೇವೆ, ಒಂದು ಮೂಲೆ ಬಿಟ್ಟು. ಕೊರವಕ್ಕೆ ಯಾರೂ ಗಾಳ ಹಾಕುವ ಹಾಗಿಲ್ಲ. ತಿಂಗಳಿಗೊಮ್ಮೆ ಲೈನ್‌ಮನೆಯವರು ಬಲೆ ಹಾಕಿ ಸಿಕ್ಕಷ್ಟು ಜಿಲೇಬಿ ಹಿಡಿದುಕೊಳ್ಳಬಹುದು. ಚಿಕ್ಕದಾದರೂ ರುಚಿಗೆ ಮೋಸವಿಲ್ಲ, ನಮ್ಮ ಕಡೆಯ ಕಪ್ಪು ಹುಳಿ, ಕಾಚಂಪುಳಿ ಹಾಕಿ ಸಾರು ಗಟ್ಟಿಯಾಗಿ ಮಾಡಿದರೆ ಅನ್ನ ಸಾಲುವುದಿಲ್ಲ. ಹಿಂಡಿ ಪೂರ್ತಿ ನಿಲ್ಲಿಸಿದ್ದೇನೆ. ಮರಿ ತರೋದು ಸರದಿ ನಿಂತು ಸರ್ಕಾರಿ ಕೇಂದ್ರದಿಂದಲೇ, ತಂದ ಮೇಲೂ ಬಿಳಿ ಬೇಸಿನ್‌ಗೆ ಸ್ವಲ್ಪ ಸ್ವಲ್ಪ ಸುರಿದು ಬೆನ್ನು ನೋಡಿ ಬಿಡುತ್ತೇವೆ. ನೋಡೋದು ಲೈನ್‌ಮನೆಯ ಆ ಅಕ್ಕ. ಆ ದಿನದ ಕೂಲಿ ಅವರಿಗೆ ಚೆಕ್‌ರೋಲಿನಲ್ಲಿ ಬೇರೆಯೇ ಬರೆಯುತ್ತೇನೆ.

ಈ ಫೆಬ್ರವರಿಯಲ್ಲಿ ನೀರು ಇಳಿದಾಗ ಮೇಸ್ತ್ರಿ ಜೊತೆ ದಡ ಸುತ್ತಿ ಗುಳಿ ಎಣಿಸಿದೆ. ಒಂಬತ್ತು ಇದ್ದವು. ಹತ್ತನೆಯದರ ಅಂಚಿನಲ್ಲಿ ಗೊರಸಿನ ಗುರುತಿತ್ತು, ಅದು ನಿಜವಾಗಿ ಹಂದಿಯದೇ.