ಬೋಟು ನಿಂತ ದಿನದ ಲೆಕ್ಕ

1 ಜೂನ್ 2025, ಭಾನುವಾರ
ಕಾರವಾರ

ಇವತ್ತಿನಿಂದ ಮಳೆಗಾಲದ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಜುಲೈ 31ರವರೆಗೆ, ಒಟ್ಟು 61 ದಿನ. ಈ ಸಲ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿದೆ. ಬೈತಖೋಲ ಬಂದರಿನ ಮೇಲಿನ ರಸ್ತೆಯಲ್ಲಿ ಬರುವಾಗ ನೋಡಿದೆ, ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಯುವಜನರ ತರಗತಿ ಇತ್ತು. ಹದಿನಾಲ್ಕು ಮಂದಿ ಬಂದಿದ್ದರು, 17ರಿಂದ 24ರ ವಯಸ್ಸಿನವರು. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ: ಬೋಟಿಗೆ ಹೋಗುವವನಿಗೆ ತಿಂಗಳಿಗೆ 15,000 ಸಿಗುತ್ತದೆ, ದುಡಿಮೆ ಹತ್ತು ತಿಂಗಳು, ಊಟ ಹನ್ನೆರಡು ತಿಂಗಳು, ತಿಂಗಳಿಗೆ ಎಷ್ಟು ತೆಗೆದಿಡಬೇಕು? ಕಾಲೇಜು ಹುಡುಗರು ಫೋನ್ ತೆಗೆಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "2,500, ಟೀಚರ್" ಅಂದಳು. ಅವಳ ಅಪ್ಪ ಬೋಟಿಗೆ ಹೋಗುತ್ತಾರೆ. ಅಮ್ಮ ಪ್ರತಿ ತಿಂಗಳು ಅಕ್ಕಿ ಡಬ್ಬಿಯ ತಳದಲ್ಲಿ ದುಡ್ಡು ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದಾಳೆ.

ಆರರಲ್ಲಿ ಒಂದು ಪಾಲು. ಹತ್ತು ತಿಂಗಳು 12,500ರಲ್ಲಿ ಮನೆ ನಡೆಸಿದರೆ ಉಳಿದ ಎರಡು ತಿಂಗಳಿಗೂ ಅಷ್ಟೇ ಸಿಗುತ್ತದೆ. ಆಮೇಲೆ ಬೈಬಲಿನಲ್ಲಿ ಆದಿಕಾಂಡದ 41ನೇ ಅಧ್ಯಾಯ ತೆರೆಸಿದೆ. ಜೋಸೆಫ ಈಜಿಪ್ಟಿನ ರಾಜ ಫರೋಹನಿಗೆ ಹೇಳಿದ್ದು ಐದರಲ್ಲಿ ಒಂದು ಪಾಲು, ಏಳು ಸುಭಿಕ್ಷದ ವರ್ಷ ಕೂಡಿಡಿ, ಬರ ಬಂದಾಗ ಜನ ಉಣ್ಣಲಿ ಅಂತ. ಜಿಪುಣತನಕ್ಕೆ ಕೂಡಿಟ್ಟದ್ದಲ್ಲ ಅದು. ಈ ಅಧ್ಯಾಯವನ್ನು ನಾವು ಕನಸಿನ ಕಥೆ ಅಂತ ಓದಿ ಮುಗಿಸಿಬಿಡುತ್ತೇವೆ. ಕಣಜದ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ.

ಈ ತರಗತಿ ಶುರುವಾಗಿದ್ದೇ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಡೆದ ಒಂದು ಸಂಗತಿಯಿಂದ. ನಮ್ಮ ಚರ್ಚಿನ ಕೊಯರಿನಲ್ಲಿ ಹಾಡುವ ಹುಡುಗ, ಗೋವಾದಲ್ಲಿ ಹೋಟೆಲ್ ಕೆಲಸ. ಫೋನಿನ ಡಿಸ್‌ಪ್ಲೇ ಒಡೆದಿತ್ತು ಅಂತ ಸಾಲದ ಆ್ಯಪ್ ಒಂದರಲ್ಲಿ 5,000 ಕೇಳಿದ್ದ. ಕೈಗೆ ಬಂದದ್ದು 3,500, ಉಳಿದದ್ದು ಶುಲ್ಕವಂತೆ. ಏಳು ದಿನಕ್ಕೆ 5,000 ವಾಪಸ್ ಕಟ್ಟಬೇಕು. ಅದನ್ನು ಕಟ್ಟಲು ಎರಡನೇ ಆ್ಯಪ್, ಅದಕ್ಕೆ ಮೂರನೆಯದು. ಒಂದು ದಿನ ಆ್ಯಪ್‌ನವರಿಂದ ಅವನ ಅಮ್ಮನ ಫೋನಿಗೇ ಹೊಲಸು ಮೆಸೇಜ್ ಬಂತು, ಅವನ ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿದ್ದ ಇನ್ನೂ ಎಷ್ಟೋ ಜನರಿಗೆ ಹೋಗಿತ್ತು. ನಾನು ಪತ್ತಿನ ಸಹಕಾರ ಸಂಘದಲ್ಲಿ 22 ವರ್ಷದಿಂದ ಕೌಂಟರಿನಲ್ಲಿ ಕೂತವಳು, ಪ್ರತಿ ಭಾನುವಾರ ಅವನ ಎದುರಿಗೇ ಇದ್ದವಳು. "ಮೊದಲೇ ಯಾಕೆ ಹೇಳಲಿಲ್ಲ ಮಗಾ?" ಅಂದೆ. "ಚರ್ಚಿನಲ್ಲಿ ದುಡ್ಡಿನ ವಿಷಯ ಮಾತಾಡಬಹುದಾ ಟೀಚರ್?" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಇವತ್ತು 3,500ಕ್ಕೆ 1,500ರ ಲೆಕ್ಕ ಎಲ್ಲರ ಕೈಯಲ್ಲೂ ಮಾಡಿಸಿದೆ. ವಾರಕ್ಕೆ ಸುಮಾರು 43 ಪರ್ಸೆಂಟ್, ವರ್ಷಕ್ಕಲ್ಲ, ವಾರಕ್ಕೆ! ಸಾಲ ತೆಗೆದುಕೊಂಡವನು ಕೊಟ್ಟವನಿಗೆ ಆಳಾಗುತ್ತಾನೆ ಅಂತ ಜ್ಞಾನೋಕ್ತಿ 22ರಲ್ಲಿ ಇರುವುದನ್ನು ಆಮೇಲೆ ಓದಿದಾಗ ಯಾರಿಗೂ ವಿವರಿಸಬೇಕಾಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಬಿಐ ನಿಯಮವನ್ನೂ ಹೇಳಿದೆ: ಸಾಲ ಕೊಡುವ ಮೊದಲೇ ಎಲ್ಲ ಶುಲ್ಕ ಸೇರಿಸಿ ವರ್ಷದ ದರ ತೋರಿಸಬೇಕು, ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನು ಮುಟ್ಟುವಂತಿಲ್ಲ. ಕೇಳಿದರೆ ಅಲ್ಲಿಗೇ ಬಿಡಿ. ಮೋಸ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆಯಿಂದ ಸುಮ್ನೆ ಕೂರಬೇಡಿ. ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಹೇರಬೇಡಿ ಅನ್ನುವುದು ವಿಮೋಚನಕಾಂಡದ 22ನೇ ಅಧ್ಯಾಯದ ಕಟ್ಟಳೆ. ಅಲ್ಲಿ ದೇವರು ಸಾಲಗಾರನ ಪಕ್ಕದಲ್ಲಿ ನಿಂತಿದ್ದಾನೆ. ಸಾಲಕ್ಕೆ ಸಿಕ್ಕಿಬಿದ್ದವರನ್ನು ನಾವೇ ಯಾಕೆ ಬೆರಳು ಮಾಡಿ ತೋರಿಸಬೇಕು?

ನಡುವೆ ಒಬ್ಬ ಹುಡುಗ ಕಾಣಿಕೆ ಬಗ್ಗೆ ಕೇಳಿದ. ಹತ್ತರಲ್ಲಿ ಒಂದು ಪಾಲು ಕೊಟ್ಟರೆ ದೇವರು ಹತ್ತರಷ್ಟು ಕೊಡುತ್ತಾನೆ ಅಂತ ವಿಡಿಯೋ ಒಂದರಲ್ಲಿ ನೋಡಿದ್ದನಂತೆ. ನಾನು ಅದನ್ನು ಒಪ್ಪುವುದಿಲ್ಲ. ದೇವರ ಜೊತೆ ಚೀಟಿ ವ್ಯವಹಾರ ಇಲ್ಲ. ಬೈಬಲಿನ ಆ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದಾಗ ಯೇಸು ಅವಳನ್ನು ಮೆಚ್ಚಿದರು, ಅವಳಿಗೆ ಇಪ್ಪತ್ತು ಕಾಸು ವಾಪಸ್ ಬಂತು ಅಂತ ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿಲ್ಲ. ಸಂಬಳ ಬಂದ ದಿನವೇ ಸ್ವಲ್ಪ ತೆಗೆದಿಡಿ, ಇಪ್ಪತ್ತು ರೂಪಾಯಿಯೂ ಸಾಕು. ಸಾಲ ಮಾಡಿ ಮಾತ್ರ ಕೊಡಬೇಡಿ ಅಂದೆ. ಇದರ ಬಗ್ಗೆ ಜಾಸ್ತಿ ಮಾತಾಡಬೇಕಿತ್ತು, ಹೊತ್ತಾಗಿತ್ತು.

ಎಲ್ಲರೂ ಹೋದ ಮೇಲೆ ಆ ಕೊಯರಿನ ಹುಡುಗ ಬೆಂಚು ಸರಿಸುತ್ತಾ ಉಳಿದ. ಅವನ ಮಾವ 18,000 ಕೊಟ್ಟು ಆ್ಯಪ್‌ಗಳ ಸಾಲ ತೀರಿಸಿದ್ದಾರೆ, ಬಡ್ಡಿ ಇಲ್ಲ, ತಿಂಗಳಿಗೆ 2,000 ಕಟ್ಟುತ್ತಿದ್ದಾನೆ. ಚಿಕ್ಕ ನೋಟ್‌ಬುಕ್ ತೋರಿಸಿದ. ಮೊದಲ ಪುಟದಲ್ಲಿ "ಮಾವ ಬಾಕಿ 14,000", ಅದರ ಕೆಳಗೆ "ರೈಲು ಪಾಸ್", ಅದರ ಕೆಳಗೆ "ಕಾಣಿಕೆ 20".

"ಪೋಸ್ಟ್ ಆಫೀಸಿನ ಆರ್‌ಡಿ 100ಕ್ಕೂ ಮಾಡಿಕೊಡ್ತಾರಾ ಟೀಚರ್?"

ಮಾಡಿಕೊಡುತ್ತಾರೆ. ಆರ್‌ಡಿ ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ, ತಿಂಗಳಿಗೆ 100ರಿಂದಲೇ ಶುರು, ಐದು ವರ್ಷದ ಅವಧಿ. ಸಾಲ ಇರುವಾಗ ಮೊದಲು ಅದನ್ನೇ ತೀರಿಸುವುದು ಸರಿ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಾವನ ಸಾಲಕ್ಕೆ ಬಡ್ಡಿ ಓಡುತ್ತಿಲ್ಲ, ಅವನಿಗೆ ಈಗ ತನ್ನದು ಅಂತ ಒಂದು ಕೂಡುವ ಲೆಕ್ಕ ಬೇಕಾಗಿದೆ. ಬುಧವಾರ ಅವನಿಗೆ ರಜೆ. ನಾನೂ ಅರ್ಧ ದಿನ ರಜೆ ಬರೆದಿದ್ದೇನೆ. ಆಧಾರ್ ಮತ್ತು ಎರಡು ಫೋಟೋ ತರಲು ಹೇಳಿದ್ದೇನೆ, ಮಳೆಯಲ್ಲಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು.