ಟೈಲರ್ ಜಾನ್ಸನ್ ಕಳೆದುಕೊಂಡ ಅರ್ಧ ಹೆಜ್ಜೆ

ಟೈಲರ್ ಜಾನ್ಸನ್ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಐಸ್ ಹಾಕಿ ಆಟಗಾರ, ಎತ್ತರ 5 ಅಡಿ 8 ಇಂಚು. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಯಾವ ತಂಡವೂ ಆತನನ್ನು ಆರಿಸಲಿಲ್ಲ. ಕೊನೆಗೆ ಟ್ಯಾಂಪಾ ಬೇ ಕರೆದುಕೊಂಡಿತು. 2014-15ರಲ್ಲಿ 72 ಪಾಯಿಂಟ್ ಗಳಿಸಿದ (ಗೋಲು ಹೊಡೆದರೂ, ಗೋಲಿಗೆ ಪಾಸ್ ಕೊಟ್ಟರೂ ಒಂದೊಂದು ಪಾಯಿಂಟ್), ಆಮೇಲೆ ಪ್ಲೇಆಫ್‌ನಲ್ಲಿ 13 ಗೋಲು ಹೊಡೆದ. ಆ ವರ್ಷದ ಪ್ಲೇಆಫ್‌ನಲ್ಲಿ ಅಷ್ಟು ಗೋಲು ಬೇರೆ ಯಾರಿಗೂ ಸಿಗಲಿಲ್ಲ.

ಫೈನಲ್ ಆಡಿದ್ದು ಮುರಿದ ಮಣಿಕಟ್ಟಿನಲ್ಲಿ. ಮುಂದಿನ ಸೀಸನ್ 38 ಪಾಯಿಂಟ್. ಮತ್ತೆಂದೂ 72ರ ಹತ್ತಿರ ಬರಲಿಲ್ಲ.

"ಗಿಡ್ಡ, ಅದಕ್ಕೇ ಬಾಳಿಕೆ ಬರಲಿಲ್ಲ" ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. 72 ಪಾಯಿಂಟ್ ಗಳಿಸಿದಾಗಲೂ ಗಿಡ್ಡನೇ ಅಲ್ವಾ? ಅದೇ ತಂಡದಲ್ಲಿದ್ದ ಮಾರ್ಟಿನ್ ಸೇಂಟ್ ಲೂಯಿ ಕೂಡ 5 ಅಡಿ 8 ಇಂಚು, ಡ್ರಾಫ್ಟ್‌ನಲ್ಲಿ ಅವನನ್ನೂ ಯಾರೂ ಆರಿಸಿರಲಿಲ್ಲ. 2013ರಲ್ಲಿ, 37ನೇ ವಯಸ್ಸಿನಲ್ಲಿ, ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದ. ಆ ವಯಸ್ಸಿನಲ್ಲೂ ಅವನ ತೊಡೆಗಳಲ್ಲಿ ಕಸುವಿತ್ತು.

ಸಣ್ಣ ಫಾರ್ವರ್ಡ್ ಬದುಕುವುದು ಮೊದಲ ಎರಡು ಮೂರು ಹೆಜ್ಜೆಗಳಲ್ಲಿ. ಆರಡಿ ದಾಟಿದ ಡಿಫೆನ್ಸ್‌ಮನ್‌ನ ಕೈ ಉದ್ದ, ಸ್ಟಿಕ್ ಇನ್ನೂ ಉದ್ದ, ಆ ಕೋಲು ಅಡ್ಡ ಬರುವ ಮುಂಚೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಗೊಂಡು ನುಸುಳಿಬಿಡಬೇಕು. ಮಣಿಕಟ್ಟೋ ಸೊಂಟವೋ ಪೆಟ್ಟು ತಿಂದು ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಮೂಲೆಗೆ ಇಬ್ಬರೂ ಒಟ್ಟಿಗೇ ತಲುಪುತ್ತಾರೆ, ಆಗ ತೂಕ ಜಾಸ್ತಿ ಇದ್ದವನು ಗೋಡೆಗೆ ಒತ್ತಿ ಹಿಡಿಯುತ್ತಾನೆ, ಪಕ್ ಹೋಯಿತು. ವರ್ಷಕ್ಕೆ 80ಕ್ಕೂ ಹೆಚ್ಚು ಪಂದ್ಯ ಹೀಗೇ. ಪೆಟ್ಟು ಮತ್ತೆ ಜಾಸ್ತಿಯಾಗುತ್ತದೆ.

ದೊಡ್ಡ ಆಳಿನ ವೇಗ ಕುಗ್ಗಿದರೆ ಬೇರೆ ಕೆಲಸ ಸಿಗುತ್ತದೆ. ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡ ನಿಲ್ಲಬಹುದು, ನಾಲ್ಕನೇ ಲೈನ್‌ನಲ್ಲಿ (ಕಡಿಮೆ ಹೊತ್ತು ಆಡುವ ಕೊನೆಯ ಮೂವರು ಫಾರ್ವರ್ಡ್‌ಗಳ ಗುಂಪು) ಎದುರಾಳಿಗಳಿಗೆ ಡಿಕ್ಕಿ ಹೊಡೆಯಬಹುದು. ಸಣ್ಣವನಿಗೆ ಆ ಅವಕಾಶ ಕೊಡಲು ಕೋಚ್‌ಗಳೇ ಹಿಂಜರಿಯುತ್ತಾರೆ. ನನಗೆ ಬೇಜಾರಾಗುವುದು ಇದೇ.

2020ರಲ್ಲಿ ಲೀಗ್‌ನ ಕಪ್ ಗೆದ್ದ ಮರುತಿಂಗಳೇ ಟ್ಯಾಂಪಾ ಜಾನ್ಸನ್‌ನನ್ನು ವೇವರ್‌ಗೆ ಹಾಕಿತು, ಅಂದರೆ ಬೇಕಾದ ತಂಡ ಒಪ್ಪಂದದ ಸಮೇತ ಕರೆದುಕೊಳ್ಳಲಿ ಅಂತ ಬಿಟ್ಟಿತು. ವರ್ಷಕ್ಕೆ 50 ಲಕ್ಷ ಡಾಲರ್, ಒಪ್ಪಂದ ಇನ್ನೂ 4 ವರ್ಷ ಬಾಕಿ. ಉಳಿದ 30 ತಂಡಗಳಲ್ಲಿ ಒಂದೂ ಬೇಕು ಅನ್ನಲಿಲ್ಲ. ಆತ ಅಲ್ಲೇ ಉಳಿದ, ನಾಲ್ಕನೇ ಲೈನ್‌ಗೆ ಇಳಿದ. 2021ರ ಫೈನಲ್‌ನಲ್ಲಿ, ಮಾಂಟ್ರಿಯಲ್ ಎದುರಿನ ಮೂರನೇ ಪಂದ್ಯದಲ್ಲಿ, ಆ ಲೈನ್‌ನಿಂದಲೇ ಎರಡು ಗೋಲು ಹೊಡೆದ.

ಅದೇ ಬೇಸಿಗೆಯಲ್ಲಿ ಆತನನ್ನು ಶಿಕಾಗೋಗೆ ಕಳಿಸಿಬಿಟ್ಟರು.