ದೋಣಿಯನ್ನು ಟ್ರೈಲರ್ ಮೇಲೆ ಬಿಗಿದು ದೂರ ಹೊರಡುವವರಿಗೆ

12ರಿಂದ 14 ಅಡಿಯ ದೋಣಿ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್, ಒಂದೇ ಆಕ್ಸಲ್‌ನ ಟ್ರೈಲರ್, 300–400 ಕಿ.ಮೀ. ದಾರಿ. ಇಂಥ ಪ್ರಯಾಣಕ್ಕೆ ಹೊರಡುವವರಿಗಾಗಿ, ದಾರಿಯ ಕ್ರಮದಲ್ಲೇ ಕೆಲವು ವಿವರಗಳು.

ದೋಣಿ ನಾಲ್ಕು ಕಡೆ ಸರಿಯಲು ನೋಡುತ್ತದೆ: ಬ್ರೇಕ್ ಹಾಕಿದಾಗ ಮುಂದಕ್ಕೆ, ಏರಿನಲ್ಲಿ ಹಿಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ, ಹಂಪು ಹಾರಿದಾಗ ಮೇಲಕ್ಕೆ. ಯಾವ ಬೆಲ್ಟು ಇದರಲ್ಲಿ ಯಾವುದನ್ನು ತಡೆಯುತ್ತಿದೆ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಕಟ್ಟುವ ಕೆಲಸ ಇನ್ನೂ ಬಾಕಿಯಿದೆ ಎಂದೇ ತಿಳಿಯಿರಿ. ಲಾರಿಗಳಲ್ಲಿ ಸರಕು ಬಿಗಿಯಲು ಯುರೋಪ್ ಮತ್ತು ಅಮೆರಿಕದಲ್ಲಿ ಬಳಸುವ ಲೆಕ್ಕ ಇಲ್ಲಿಗೂ ಹೊಂದುತ್ತದೆ: ಮುಂದಕ್ಕೆ ತೂಕದ 80%, ಪಕ್ಕಕ್ಕೂ ಹಿಂದಕ್ಕೂ 50% ಬಲವನ್ನು ತಡೆಯುವಂತಿರಬೇಕು. ಎಂಜಿನ್ ಸೇರಿ 400 ಕಿಲೋ ತೂಗುವ ದೋಣಿಯಾದರೆ ಮುಂದಕ್ಕೆ 320 ಕಿಲೋ, ಪಕ್ಕಕ್ಕೆ 200 ಕಿಲೋ.

ಮೊದಲು ಮೂತಿ. ವಿಂಚ್‌ನಿಂದ (ಟ್ರೈಲರ್ ಮುಂದಿನ ಕಂಬದಲ್ಲಿರುವ, ಹಿಡಿ ತಿರುಗಿಸಿ ಎಳೆಯುವ ರಾಟೆ) ಎಳೆದು, ಮೂತಿಯನ್ನು ರಬ್ಬರ್ ರೋಲರ್‌ಗೆ ತಾಗಿಸಿ ನಿಲ್ಲಿಸಿ. ಇಷ್ಟಕ್ಕೇ ಮುಗಿಸಿಬಿಡುವವರು ಬಹಳ ಮಂದಿ. ವಿಂಚ್ ಇರುವುದು ದೋಣಿಯನ್ನು ಮೇಲಕ್ಕೆ ಎಳೆದುಕೊಳ್ಳಲು. ಅದರ ಹಲ್ಲಿಗೆ ಸಿಕ್ಕಿಕೊಳ್ಳುವ ಚಿಕ್ಕ ಕೊಕ್ಕೆ ಸವೆದಿದ್ದರೆ ಒಂದು ಗುಂಡಿಗೆ ಬಿದ್ದ ಹೊಡೆತಕ್ಕೆ ಎಗರಿ ಬಿಡಬಹುದು. ಆದ್ದರಿಂದ ಮೂತಿಯ ಯು-ಬೋಲ್ಟ್‌ನಿಂದ (ದೋಣಿಗೆ ಬೋಲ್ಟ್ ಮಾಡಿದ U ಆಕಾರದ ಗಟ್ಟಿ ಕೊಂಡಿ) ವಿಂಚ್ ಕಂಬಕ್ಕೆ ಒಂದು ಚೈನ್ ಹಾಕಿ. ಅದರಲ್ಲಿ ಸಡಿಲ ಒಂದೆರಡು ಕೊಂಡಿಗಿಂತ ಹೆಚ್ಚಿರಬಾರದು. ಅದೇ ಯು-ಬೋಲ್ಟ್‌ನಿಂದ ಇನ್ನೊಂದು ಬೆಲ್ಟನ್ನು ಕೆಳಕ್ಕೂ ಹಿಂದಕ್ಕೂ ಓರೆಯಾಗಿ ಎಳೆದು ಟ್ರೈಲರ್ ಚಾಸಿಗೆ, ಅಂದರೆ ಅದರ ಉಕ್ಕಿನ ಚೌಕಟ್ಟಿಗೆ, ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಮೂತಿ ರೋಲರ್ ಮೇಲೆ ಹತ್ತಿ ಕಾರಿನತ್ತ ನುಗ್ಗದಂತೆ ಹಿಡಿಯುವುದು ಇದೇ. ನೇರ ಕೆಳಕ್ಕೆ ಎಳೆದ ಬೆಲ್ಟು ಮುಂದಕ್ಕೆ ಜಾರುವುದನ್ನು ಹೆಚ್ಚೇನೂ ತಡೆಯದು. ಅದು ಕೊಡುವುದು ಒತ್ತಡ ಮಾತ್ರ, ಹಿಡಿತವೆಲ್ಲ ಘರ್ಷಣೆಯ ಮೇಲೆ ನಿಂತಿರುತ್ತದೆ. ಕಾರ್ಪೆಟ್ ಹೊದಿಸಿದ ಮರದ ಪಟ್ಟಿಗಳ ಟ್ರೈಲರ್‌ನಲ್ಲಿ ಘರ್ಷಣೆ ಒಂದಷ್ಟು ಇರುತ್ತದೆ, ದೋಣಿಯ ತಳ ಉರುಳೆಗಳ ಮೇಲೆ ಕೂರುವ ರೋಲರ್ ಟ್ರೈಲರ್‌ನಲ್ಲಿ ಇಲ್ಲವೆಂದೇ ಲೆಕ್ಕ ಹಾಕಿ.

ಹಿಂಬದಿಗೆ ಎರಡು ರ‍್ಯಾಚೆಟ್ ಬೆಲ್ಟು, ಎಡಕ್ಕೊಂದು ಬಲಕ್ಕೊಂದು (ಹಿಡಿ ಆಡಿಸಿದಂತೆ ಬಿಗಿಯಾಗುವ, ಹಿಂದಕ್ಕೆ ಸಡಿಲವಾಗದ ಹಲ್ಲುಗಾಲಿಯ ಬೆಲ್ಟು). ಹಿಂಬದಿ ಹಲಗೆಯ ಯು-ಬೋಲ್ಟ್‌ಗಳಿಂದ ಚಾಸಿಗೆ, ಆದಷ್ಟು ಗಿಡ್ಡವಾಗಿ. ಹಗ್ಗ ಸುತ್ತಲು ಇರುವ ಗೂಟ, ಕೈಹಿಡಿಯ ಕಂಬಿ ಇವುಗಳಿಗೆ ಕೊಕ್ಕೆ ಹಾಕಬೇಡಿ. ಹಲವು ಬಾರಿ ಅವು ಬರಿಯ ಸ್ಕ್ರೂ ಮೇಲೆ ನಿಂತಿರುತ್ತವೆ. ಇಡೀ ದೋಣಿಯ ಮೇಲಿಂದ ಅಡ್ಡಲಾಗಿ ಒಂದೇ ಬೆಲ್ಟು ಎಳೆಯುವುದು ನಮಗೆ ಅಷ್ಟಾಗಿ ಒಪ್ಪಿಗೆಯಲ್ಲ. ಯು-ಬೋಲ್ಟ್ ಇಲ್ಲದೆ ಬೇರೆ ದಾರಿಯೇ ಇಲ್ಲದಿದ್ದರೆ ಅಂಚುಗಳ ಕೆಳಗೆ ದಪ್ಪ ರಬ್ಬರ್ ತುಂಡು ಇಡಿ. ಇಲ್ಲದಿದ್ದರೆ ಬೆಲ್ಟು ದಾರಿಯುದ್ದಕ್ಕೂ ಉಜ್ಜಿ ಬಣ್ಣವನ್ನೂ ತಿನ್ನುತ್ತದೆ, ತಾನೂ ಸವೆಯುತ್ತದೆ.

ಬೆಲ್ಟಿನ ಲೇಬಲ್ ಓದಿ. ದೊಡ್ಡಕ್ಷರದ ಅಂಕಿ ಸಾಮಾನ್ಯವಾಗಿ ಬೆಲ್ಟು ತುಂಡಾಗುವ ಬಲ. ನೀವು ನೆಚ್ಚಬೇಕಾದದ್ದು ಸುಮಾರು ಅದರ ಮೂರನೇ ಒಂದು ಭಾಗ. 1,500 ಕಿಲೋ ಎಂದಿದ್ದರೆ 500 ಎಂದು ಓದಿಕೊಳ್ಳಿ. ಬೆಲ್ಟಿನ ತುದಿಯನ್ನು ರ‍್ಯಾಚೆಟ್ಟಿನ ಸೀಳಿನಲ್ಲಿ ತೂರಿಸಿ, ಸಡಿಲವನ್ನೆಲ್ಲ ಕೈಯಲ್ಲೇ ಎಳೆದು ತೆಗೆದು, ಆಮೇಲೆ ಹಿಡಿ ಆಡಿಸಿ. ಉರುಳೆಗೆ ಎರಡು ಸುತ್ತು ಬಿದ್ದರೆ ಹಿಡಿತ ಸಾಕು. ಸಡಿಲ ತೆಗೆಯದೆ ಹಿಡಿ ಆಡಿಸುತ್ತ ಹೋದರೆ ಐದಾರು ಸುತ್ತು ತುಂಬಿ ರ‍್ಯಾಚೆಟ್ ಕಚ್ಚಿಕೊಳ್ಳುತ್ತದೆ, ಬಿಚ್ಚುವಾಗ ಗೋಳು. ಬೆಲ್ಟಿಗೆ ಒಂದೇ ಒಂದು ತಿರುಚು ಕೊಡಿ. ಗಾಳಿಗೆ ಪಟಪಟ ಬಡಿದುಕೊಳ್ಳುವುದು ನಿಲ್ಲುತ್ತದೆ. ಉಳಿದ ಬಾಲವನ್ನು ಸುತ್ತಿ ಗಂಟು ಹಾಕಿ, ಚಕ್ರಕ್ಕೆ ಸಿಕ್ಕಿಕೊಳ್ಳಬಾರದು. ಹಗ್ಗವೇ ಬಳಸುವವರು ನೈಲಾನ್ ಬಿಟ್ಟು ಪಾಲಿಯೆಸ್ಟರ್ ತೆಗೆದುಕೊಳ್ಳಿ. ನೈಲಾನ್ ಹಿಗ್ಗುತ್ತದೆ, ಮಳೆಗೆ ನೆಂದರೆ ಇನ್ನಷ್ಟು.

ಎಂಜಿನ್ ಎತ್ತಿಟ್ಟು ಅದರದೇ ಚಿಲಕ ಹಾಕಿದರೆ ಆಯಿತು ಎಂದುಕೊಳ್ಳಬೇಡಿ. ಆ ಚಿಲಕ ನಿಲ್ಲಿಸಿಟ್ಟ ದೋಣಿಗೆ. ರಸ್ತೆಯಲ್ಲಿ ಎಂಜಿನ್ ಕುಣಿದಾಗಲೆಲ್ಲ ಆ ಹೊಡೆತ ಹಿಂಬದಿ ಹಲಗೆಗೆ ಬೀಳುತ್ತದೆ. ಎಂಜಿನ್ ಕಾಲಿಗೂ ಚಾಸಿಗೂ ನಡುವೆ ಆನಿಸುವ ಕಂಬಿ ಹಾಕಿ; ಭಾರ ಟ್ರೈಲರ್‌ಗೆ ಇಳಿಯುತ್ತದೆ. ದೋಣಿಯ ತಳವನ್ನು ಹೊರುವ ಟ್ರೈಲರ್ ಪಟ್ಟಿಗಳು ಹಿಂಬದಿ ಹಲಗೆಯವರೆಗೂ ಬರುತ್ತವೆಯೇ ಎಂದೂ ಬಗ್ಗಿ ನೋಡಿ. ಕಾಲಡಿಯಷ್ಟು ತಳ ಆಸರೆಯಿಲ್ಲದೆ ಹೊರಗೆ ಚಾಚಿದ್ದರೂ ಎಂಜಿನ್ ಭಾರಕ್ಕೆ ಅದು ನಿಧಾನಕ್ಕೆ ಬಾಗುತ್ತದೆ.

ಕಪ್ಲರ್ (ಕಾರಿನ ಹಿಂದಿನ ಟೋ ಬಾಲ್ ಎಂಬ ಗುಂಡಿನ ಮೇಲೆ ಕೂರುವ ಟ್ರೈಲರ್ ಮೂತಿಯ ಕೊಂಡಿ) ಮೇಲೆ ಬೀಳುವ ಭಾರ ಒಟ್ಟು ತೂಕದ 5ರಿಂದ 10% ಇರಲಿ. ದೋಣಿ 400, ಟ್ರೈಲರ್ 150 ಕಿಲೋ ಎಂದರೆ 28ರಿಂದ 55 ಕಿಲೋ. ಸ್ನಾನಗೃಹದ ತೂಕದ ಯಂತ್ರದ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಕಾರಿನ ಟೋ ಬಾಲ್ ಇರುವ ಎತ್ತರದಲ್ಲೇ ಕಪ್ಲರ್ ಇಟ್ಟು ಅಳೆಯಿರಿ. ಭಾರ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. 25 ಲೀಟರ್ ಪೆಟ್ರೋಲ್ ಸುಮಾರು 18–19 ಕಿಲೋ. ಆ ಡಬ್ಬಿ ದೋಣಿಯ ತೀರಾ ಹಿಂದಿದ್ದರೆ ಅಷ್ಟಕ್ಕೇ ಲೆಕ್ಕ ಕೆಡಬಹುದು. ಅಳೆಯುವಾಗ ಸಾಮಾನೆಲ್ಲ ಹೊರಡುವ ದಿನ ಇರುವ ಜಾಗದಲ್ಲೇ ಇರಲಿ. ಕಾರಿಗೆ ಹಾಕುವ ಎರಡು ಸುರಕ್ಷಾ ಚೈನ್‌ಗಳನ್ನು ಕಪ್ಲರ್ ಅಡಿಯಲ್ಲಿ ಅಡ್ಡಡ್ಡ ದಾಟಿಸಿ. ಕಪ್ಲರ್ ಕಳಚಿದರೂ ಅವು ತೊಟ್ಟಿಲಿನಂತೆ ಹಿಡಿಯುತ್ತವೆ, ಟ್ರೈಲರ್‌ನ ಮೂಗು ನೆಲಕ್ಕೆ ಚುಚ್ಚುವುದಿಲ್ಲ.

ದೋಣಿಯ ತಳದಲ್ಲಿ ನೀರು ಹೊರಬಿಡುವ ಬಿರಡೆ ತೆಗೆದು ಹೊರಡಿ. ದಾರಿಯಲ್ಲಿ ಮಳೆ ಬಂದು ಒಳಗೆ 100 ಲೀಟರ್ ನಿಂತರೆ 100 ಕಿಲೋ ಏರಿತು.

ಹೊರಟ 15–20 ಕಿ.ಮೀ.ಗೆ ಮೊದಲ ನಿಲುಗಡೆ ಕಡ್ಡಾಯ. ಕುಲುಕಾಟಕ್ಕೆ ದೋಣಿ ಪಟ್ಟಿಗಳ ಮೇಲೆ ಸ್ವಲ್ಪ ಕೆಳಗೆ ಕೂರುತ್ತದೆ, ಮನೆಯಲ್ಲಿ ಗಟ್ಟಿಯಾಗಿದ್ದ ಬೆಲ್ಟು ಇಲ್ಲಿ ಬೆರಳಿಗೆ ಬಾಗುತ್ತದೆ. ರ‍್ಯಾಚೆಟ್ ಕೆಟ್ಟಿದೆ ಎಂದು ಗಾಬರಿ ಬೇಡ, ಮತ್ತೆರಡು ಹಲ್ಲು ಬಿಗಿಯಿರಿ. ಚಕ್ರದ ಹಬ್ (ಬೇರಿಂಗ್ ಇರುವ ನಡುಭಾಗ) ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಒಂದು ಕಡೆಯದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ, ಬೇರಿಂಗ್ ಗ್ರೀಸ್ ಬೇಡುತ್ತಿದೆ ಅಥವಾ ಬ್ರೇಕ್ ಹಿಡಿದಿದೆ, ಅದನ್ನು ನೋಡದೆ ಮುಂದೆ ಹೋಗಬೇಡಿ. ಚಕ್ರ ಬಿಚ್ಚಿ ಹಾಕಿದ್ದರೆ 80–100 ಕಿ.ಮೀ. ಆದ ಮೇಲೆ ನಟ್ಟುಗಳಿಗೆ ಮತ್ತೊಮ್ಮೆ ಸ್ಪಾನರ್ ಹಾಕಿ. ಆಮೇಲೆ ಎರಡು ಗಂಟೆಗೊಮ್ಮೆ ನಿಂತು ಇದೇ ಸುತ್ತು.

ದಡ ಮುಟ್ಟಿದ ಕೂಡಲೇ ನೀರಿಗೆ ಇಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿ ನೀರನ್ನು ಹೀರಿಕೊಳ್ಳುತ್ತದೆ. ಹಬ್ ಆರುವಷ್ಟರಲ್ಲಿ, ದೋಣಿ ನೀರಿಗಿಳಿಸುವ ಇಳಿಜಾರಿನಿಂದ ದೂರ ನಿಂತು ದೀಪದ ಪ್ಲಗ್ ಕಳಚಿ, ಬಿರಡೆ ಹಾಕಿ, ಆನಿಕೆ ಕಂಬಿ ಮತ್ತು ಹಿಂಬದಿ ಬೆಲ್ಟುಗಳನ್ನು ತೆಗೆಯಿರಿ. ಮೂತಿಯ ಓರೆ ಬೆಲ್ಟನ್ನೂ ಚೈನನ್ನೂ ನೀರಿನ ಅಂಚಿನಲ್ಲಿ ಬಿಚ್ಚಿ. ವಿಂಚ್ ಮಾತ್ರ ದೋಣಿ ತೇಲುವವರೆಗೆ ಹಾಗೇ ಇರಲಿ. ರೋಲರ್ ಟ್ರೈಲರ್‌ನಲ್ಲಿ ಅದನ್ನು ಬೇಗ ಬಿಟ್ಟರೆ ದೋಣಿ ಕಾಂಕ್ರೀಟಿನ ಮೇಲೆ ಇಳಿಯುತ್ತದೆ.

ವಾಪಸು ಹೊರಡುವಾಗ, ಇಳಿಜಾರಿನಲ್ಲಿ ರೋಲರ್‌ಗೆ ತಾಗಿದ್ದ ಮೂತಿ ಸಮತಟ್ಟಿಗೆ ಬಂದಾಗ ಎರಡು ಬೆರಳಿನಷ್ಟು ಹಿಂದೆ ಸರಿದಿರುವುದು ಸಾಮಾನ್ಯ. ಮೊದಲು ವಿಂಚ್ ತಿರುಗಿಸಿ ಆ ಸಂದು ಮುಚ್ಚಿ, ಆಮೇಲೆ ಚೈನು, ಓರೆ ಬೆಲ್ಟು, ಕೊನೆಗೆ ಹಿಂಬದಿ. ಹಿಂಬದಿಯನ್ನು ಮೊದಲೇ ಬಿಗಿದುಬಿಟ್ಟರೆ ದೋಣಿ ಮುಂದಕ್ಕೆ ಬರುವುದೇ ಇಲ್ಲ.